ಹಾಡುಗಾರರ ಚೀಟಿ, ಹಿರೋಶಿಮಾದ ಬಾಂಬು



ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಇವತ್ತು ಆ ಹಾದಿಯಲ್ಲಿ ಬರುವಾಗ ನನ್ನ ಕಾಲ ಬುಡದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಇತ್ತು. ಬುಟ್ಟಿ ನನ್ನದಲ್ಲ, ಯಾರದೋ. ಆದರೆ ಆ ಹಣ್ಣಿನ ವಾಸನೆಗೆ ಇಪ್ಪತ್ತು ವರ್ಷದ ಹಿಂದಿನ ಒಂದು ತಪ್ಪು ಮತ್ತೆ ನೆನಪಾಯಿತು. ಅದು ಮಾತ್ರ ನನ್ನದೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಇತಿಹಾಸದ ಮಾಸ್ತರ. ಕಮಲಾಪುರದ ಒಂದು ಶಾಲೆಯಲ್ಲಿ ಆಗಸ್ಟ್ ತಿಂಗಳ ಚರ್ಚಾಸ್ಪರ್ಧೆ. ತೀರ್ಪು ಕೊಡುವವನು ನಾನು. ವಿಷಯ ಇಷ್ಟು: ಯುದ್ಧಕಾಲದಲ್ಲಿ ಅಣುಬಾಂಬ್ ಹಾಕುವುದು ಸರಿಯೋ ತಪ್ಪೋ.

ಹತ್ತನೆಯ ಕ್ಲಾಸಿನ ಒಬ್ಬ ಹುಡುಗ ಎದ್ದ. ಮಾತಿನಲ್ಲಿ ಚುರುಕು. "ಜಪಾನಿನವ್ರು ಸೋಲು ಒಪ್ಪತಿದ್ದಿಲ್ರಿ. ಬಾಂಬ್ ಬಿತ್ತು, ಹತ್ತು ದಿನದಾಗ ಯುದ್ಧ ಮುಗೀತು. ಇಲ್ಲಂದ್ರ ಇನ್ನೂ ಲಕ್ಷಗಟ್ಲೆ ಮಂದಿ ಸಾಯ್ತಿದ್ರು. ನೀವೇ ಲೆಕ್ಕ ಹಾಕ್ರಿ" ಅಂದ. ಆಮೇಲೆ ಕಿಸೆಗೆ ಕೈ ಹಾಕಿದ. ಒಂದು ಕೆಂಪು ಬಾಳೆಹಣ್ಣು ತೆಗೆದು ಎತ್ತಿ ಹಿಡಿದ. "ವಿಕಿರಣ, ವಿಕಿರಣ ಅಂತ ಅಂಜತೀರಿ. ನಮ್ಮೂರ ಬಾಳಿಹಣ್ಣಿನಾಗೂ ವಿಕಿರಣ ಅದ!" ಕೋಣೆಯ ತುಂಬ ಚಪ್ಪಾಳೆ.

ಆ ಮಾತು ಸುಳ್ಳಲ್ಲ ಅನ್ನಿ. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ. ಅದರಲ್ಲಿ ತೀರ ಕಿಂಚಿತ್ತು ಭಾಗ ವಿಕಿರಣ ಸೂಸುವಂಥದ್ದು. ತಿಂದರೆ ಏನೂ ಆಗುವುದಿಲ್ಲ, ಧೈರ್ಯವಾಗಿ ತಿನ್ನಿ.

ಅವನ ನಂತರ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಚೀಟಿಯಿಲ್ಲ, ಹಣ್ಣೂ ಇಲ್ಲ. ಒಂದೇ ಮಾತು ಕೇಳಿದಳು. "ಸರ್, ಬಾಂಬ್ ಬಿದ್ದಾಗ ಮುಂಜಾನಿ ಎಂಟೂಕಾಲು. ಸಾಲಿ ಹುಡುಗ್ರು ಹೊರಗ ಕೆಲಸಕ್ಕ ನಿಂತಿದ್ರಂತ. ಅವ್ರೇನು ಮಾಡಿದ್ರ್ರಿ?" ಅಷ್ಟು ಹೇಳಿ ಕುಳಿತುಬಿಟ್ಟಳು. ಕೊಟ್ಟ ಐದು ನಿಮಿಷದಲ್ಲಿ ಅರ್ಧ ನಿಮಿಷವೂ ಆಗಿರಲಿಲ್ಲ.

ಮೊದಲ ಬಹುಮಾನ ನಾನು ಹುಡುಗನಿಗೆ ಕೊಟ್ಟೆ.

ಇವತ್ತು ನನ್ನ ಮಾತೆಲ್ಲ ಆ ಹುಡುಗಿಯ ಪ್ರಶ್ನೆಯ ಸುತ್ತಲೇ. ಮೊದಲು, ಅವಳು ಕೇಳಿದ್ದು ಯಾವುದರ ಬಗ್ಗೆ ಎಂದು ನೋಡೋಣ.

1945ರ ಆಗಸ್ಟ್ 6. ಹಿರೋಶಿಮಾದ ಮೇಲೆ, ನೆಲದಿಂದ ಸುಮಾರು ಆರುನೂರು ಮೀಟರ್ ಎತ್ತರದಲ್ಲಿ, ಒಂದು ಬಾಂಬ್ ಸಿಡಿಯಿತು. ಅದರೊಳಗೆ ಇದ್ದದ್ದು ಅರವತ್ತು ಕಿಲೋ ಚಿಲ್ಲರೆ ಯುರೇನಿಯಂ. ಅದರಲ್ಲಿ ನಿಜಕ್ಕೂ ಒಡೆದು ಕೆಲಸ ಮಾಡಿದ್ದು ಒಂದು ಕಿಲೋಗಿಂತ ಕಡಿಮೆ. ಮೂರು ದಿನ ಬಿಟ್ಟು ನಾಗಸಾಕಿಯ ಮೇಲೆ ಇನ್ನೊಂದು, ಅದು ಪ್ಲುಟೋನಿಯಂ ಬಾಂಬ್. ವರ್ಷ ಮುಗಿಯುವ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1 ಲಕ್ಷ 40 ಸಾವಿರ. ನಾಗಸಾಕಿಯಲ್ಲಿ 70 ಸಾವಿರದಷ್ಟು.

ಅಂಕಿ ಕಿವಿಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಊರನ್ನೇ ತೆಗೆದುಕೊಳ್ಳಿ. ಕಲಬುರಗಿ ಕೋಟೆಯ ನಡುವೆ ನಿಂತಿದ್ದೀರಿ ಎಂದುಕೊಳ್ಳಿ. ಅಲ್ಲಿಂದ ಎಲ್ಲ ದಿಕ್ಕಿಗೂ ಎರಡು ಕಿಲೋಮೀಟರ್ ನಡೆಯಿರಿ. ಒಂದು ಕಡೆ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್. ಒಂದು ಕಡೆ ಅಪ್ಪನ ಗುಡಿ, ಅಪ್ಪನ ಕೆರೆ. ಇನ್ನೊಂದು ಕಡೆ ಬಂದೇ ನವಾಜರ ದರ್ಗಾ. ಹೆಚ್ಚುಕಮ್ಮಿ ಇಷ್ಟು ಜಾಗವನ್ನು ಆ ಒಂದು ಬಾಂಬ್ ಹಿರೋಶಿಮಾದಲ್ಲಿ ಸುಟ್ಟು ನೆಲಸಮ ಮಾಡಿತು.

ಹುಡುಗಿ ಹೇಳಿದ ಸಾಲಿ ಹುಡುಗರ ವಿಷಯವೂ ನಿಜ. ಅಮೆರಿಕದ ಬೆಂಕಿ ಬಾಂಬುಗಳಿಗೆ ಹೆದರಿ ಹಿರೋಶಿಮಾದಲ್ಲಿ ಮನೆಗಳನ್ನು ಕೆಡವುತ್ತಿದ್ದರು. ಒಂದು ಓಣಿಗೆ ಹತ್ತಿದ ಕಿಚ್ಚು ಇನ್ನೊಂದಕ್ಕೆ ಹಾರದಿರಲಿ ಎಂದು ನಡುವೆ ಬಯಲು ಮಾಡುವ ಕೆಲಸ. ಹಂಚು, ಮರದ ತುಂಡು ಹೊರಲು ಹನ್ನೆರಡು ಹದಿಮೂರು ವರ್ಷದ ಮಕ್ಕಳನ್ನು ಹಚ್ಚಿದ್ದರು. ಆ ಮುಂಜಾನೆ ಬಯಲಲ್ಲಿ ಹಾಗೆ ನಿಂತಿದ್ದವರಲ್ಲಿ ಸುಮಾರು ಆರು ಸಾವಿರ ಮಕ್ಕಳು ಸತ್ತರು. ಊರಿಗೆ ಬೆಂಕಿ ಹತ್ತಬಾರದೆಂದು ಕೆಲಸ ಮಾಡುತ್ತಿದ್ದ ಮಕ್ಕಳು ಅವರು.

ಬಾಂಬ್ ಮಾಡಿದ್ದೇನೆಂದು ಹೇಳಿದೆ. ಈಗ ಹುಡುಗನ ವಾದಕ್ಕೆ ಬರುತ್ತೇನೆ. ನಾನು ಬಹುಮಾನ ಕೊಟ್ಟ ವಾದ ಅದು, ಅದಕ್ಕೂ ನ್ಯಾಯ ಸಲ್ಲಬೇಕು.

ಅಮೆರಿಕದ ಯುದ್ಧಮಂತ್ರಿಯಾಗಿದ್ದ ಹೆನ್ರಿ ಸ್ಟಿಮ್ಸನ್ 1947ರಲ್ಲಿ ಒಂದು ಲೇಖನ ಬರೆದ. ಜಪಾನಿನ ನೆಲಕ್ಕೆ ಸೈನ್ಯ ಇಳಿಸಿದ್ದರೆ ಅಮೆರಿಕದ ಕಡೆ ಸಾಯುವವರು, ಗಾಯಗೊಳ್ಳುವವರೇ ಹತ್ತು ಲಕ್ಷ ದಾಟಬಹುದಿತ್ತು ಎಂದ. ಅದು ಉತ್ಪ್ರೇಕ್ಷೆ ಎಂದು ಎಷ್ಟೋ ಇತಿಹಾಸಕಾರರು ಹೇಳುತ್ತಾರೆ. ಇರಲಿ. ಆದರೆ ಓಕಿನಾವಾ ದ್ವೀಪದ ಕಾಳಗ ಉತ್ಪ್ರೇಕ್ಷೆಯಲ್ಲ. ಅಲ್ಲಿ ಮೂರು ತಿಂಗಳಲ್ಲಿ ಎರಡು ಕಡೆಯ ಸೈನಿಕರು, ಊರಿನ ಜನ ಸೇರಿ ಸತ್ತವರು ಎರಡು ಲಕ್ಷದ ಆಸುಪಾಸು. ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜಪಾನಿ ಸೈನ್ಯದ ಕೈಯಲ್ಲಿ ದಿನವೂ ಜನ ಸಾಯುತ್ತಲೇ ಇದ್ದರು.

ಇನ್ನೂ ಹತ್ತಿರದ ಮಾತೊಂದು ಇದೆ. ಆಗ ನಮ್ಮ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಒಂದು ಪದಾತಿ ದಳ 1941ರ ಡಿಸೆಂಬರಿನಲ್ಲಿ ಮಲಯಾದ ಕೋಟಾ ಭಾರು ವಿಮಾನ ನಿಲ್ದಾಣದ ಕಾವಲಿಗಿತ್ತು. ಜಪಾನಿಯರು ಮೊದಲು ನುಗ್ಗಿದ್ದೇ ಅಲ್ಲಿ. ಎರಡು ತಿಂಗಳಲ್ಲಿ ಸಿಂಗಪುರ ಬಿತ್ತು. ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಕೊನೆಯವರೆಗೂ ಸೆರೆಯಲ್ಲೇ ಉಳಿದು ಬದುಕಿದವರಿಗೆ 1945ರ ಆಗಸ್ಟ್ 15 ಬಿಡುಗಡೆಯ ಸುದ್ದಿ. ಅಂಥವನ ಮನೆಯಲ್ಲಿ ಕುಳಿತು, ಬಾಂಬ್ ತಪ್ಪು ಎಂದು ಅವನ ತಾಯಿಗೆ ಹೇಳಲು ನನಗೆ ಬಾಯಿ ಬರಲಿಕ್ಕಿಲ್ಲ.

ಇದಕ್ಕೆ ಎದುರು ಮಾತುಗಳೂ ಇವೆ. ಜಪಾನ್ ಆಗಲೇ ಸೋತು ಸುಣ್ಣವಾಗಿತ್ತು. ಆಗಸ್ಟ್ 8ರಂದು ಸೋವಿಯತ್ ದೇಶ ಅದರ ಮೇಲೆ ಯುದ್ಧ ಸಾರಿತು. ಶರಣಾದದ್ದು ಬಾಂಬಿಗೋ ಸೋವಿಯತ್ ಸೈನ್ಯಕ್ಕೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಬಾಂಬ್ ಕಟ್ಟಿದ ವಿಜ್ಞಾನಿಗಳಲ್ಲೇ ಎಪ್ಪತ್ತರಷ್ಟು ಮಂದಿ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಮನವಿ ಬರೆದರು. ಲಿಯೋ ಸಿಲಾರ್ಡ್ ಎಂಬವರು ಮುಂದಾಳು. ಶರಣಾಗತಿಯ ಶರತ್ತು ಬಹಿರಂಗವಾಗಿ ಹೇಳದೆ, ಜಪಾನಿಗೆ ಅವಕಾಶ ಕೊಡದೆ ಹಾಕಬೇಡಿ ಎಂದರು. ಆ ಮನವಿ ಅಧ್ಯಕ್ಷರ ಕೈಗೆ ತಲುಪಲೇ ಇಲ್ಲ.

ಈ ಲೆಕ್ಕದ ಜಗಳದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹುಡುಗನ ಲೆಕ್ಕ ಪೂರ್ತಿ ಸರಿ ಎಂದೇ ಒಪ್ಪಿಕೊಳ್ಳೋಣ. ಒಪ್ಪಿದ ಮೇಲೂ ಹುಡುಗಿಯ ಪ್ರಶ್ನೆ ಅಲ್ಲೇ ಕುಳಿತಿದೆ. ಅವರೇನು ಮಾಡಿದ್ದರು?

ಕೇಳುಗರೇ, ಈ ಪ್ರಶ್ನೆ ಹೊಸದಲ್ಲ. ಕಲಬುರಗಿಯ ಸುಲ್ತಾನನೊಬ್ಬನ ಮುಂದೆ ಆರುನೂರೈವತ್ತು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಯಾರೋ ಇಟ್ಟಿದ್ದರು. ಈಗ ಆ ಕಥೆ.

ಕೋಟೆಯೊಳಗಿನ ಜಾಮಿ ಮಸೀದಿ ನೋಡಿದವರಿಗೆ ಗೊತ್ತು. ಬೇರೆ ಮಸೀದಿಗಳಿಗೆ ನಡುವೆ ಬಯಲು ಅಂಗಳ ಇರುತ್ತದೆ. ಇದಕ್ಕಿಲ್ಲ. ಪೂರ್ತಿ ಚಾವಣಿ, ಮೇಲೆಲ್ಲ ಗುಮ್ಮಟ. ಒಳಗೆ ಕಮಾನಿನ ಹಿಂದೆ ಕಮಾನು, ಮಾತಾಡಿದರೆ ದನಿ ತಣ್ಣಗೆ ತಿರುಗಿ ಬರುತ್ತದೆ. ಕಟ್ಟಿದ್ದು 1367ರಲ್ಲಿ, ಎರಡನೆಯ ಬಹಮನಿ ಸುಲ್ತಾನ ಮುಹಮ್ಮದ್ ಶಾಹನ ಕಾಲದಲ್ಲಿ. ನಾನು ಹೇಳುವ ಕಥೆಯೂ ಅದೇ ಸುಲ್ತಾನನದು, ಅದೇ ವರ್ಷಗಳದು. ಬರೆದಿಟ್ಟವನು ಫಿರಿಶ್ತಾ. ಅವನು ಬಿಜಾಪುರದ ಆದಿಲ್ ಶಾಹಿ ಆಸ್ಥಾನದಲ್ಲಿ ಕುಳಿತು, ಘಟನೆ ನಡೆದು ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಬರೆದ. ಸುಲ್ತಾನರ ಪಕ್ಷಪಾತಿ. ಅಂಕಿಗಳನ್ನು ಊದಿಸುವ ಚಟವೂ ಇತ್ತು. ಅದನ್ನು ಕಳೆದು ಕೇಳಿರಿ.

ದಿಲ್ಲಿಯಿಂದ ಮುನ್ನೂರು ಹಾಡುಗಾರರು ಕಲಬುರಗಿಗೆ ಬಂದರಂತೆ. ದರ್ಬಾರಿನಲ್ಲಿ ಹಾಡು, ಮದ್ಯ. ಅಮಲೇರಿದ ಸುಲ್ತಾನ ವಜೀರನನ್ನು ಕರೆದ. ಇವರ ಸಂಭಾವನೆಗೆ ವಿಜಯನಗರದ ಖಜಾನೆಯ ಮೇಲೆ ಚೀಟಿ ಬರೆ ಎಂದ. ಅಂದರೆ ನನ್ನ ಹಾಡುಗಾರರಿಗೆ ರೊಕ್ಕ ಬೇರೆ ರಾಜ ಕೊಡಲಿ! ಅಮಲು ಇಳಿದ ಮೇಲೂ ಹಟ ಇಳಿಯಲಿಲ್ಲ. ಚೀಟಿ ಹೋಯಿತು. ವಿಜಯನಗರದ ರಾಜ ಅದನ್ನು ತಂದವನನ್ನು ಕತ್ತೆಯ ಮೇಲೆ ಕೂಡಿಸಿ ಊರೆಲ್ಲ ಮೆರೆಸಿದ. ಫಿರಿಶ್ತಾ ಈ ರಾಜನನ್ನು ಕಿಶನ್ ರಾಯ ಎನ್ನುತ್ತಾನೆ, ಇತಿಹಾಸಕಾರರು ಬುಕ್ಕರಾಯ ಎಂದು ಗುರುತಿಸುತ್ತಾರೆ.

ಯುದ್ಧ ಶುರುವಾಯಿತು. ವಿಜಯನಗರದ ಸೈನ್ಯ ಮೊದಲು ಮುದಗಲ್ ಕೋಟೆ ಹಿಡಿದು, ಒಳಗಿದ್ದ ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದಿತಂತೆ. ಸುದ್ದಿ ಕೇಳಿದ ಸುಲ್ತಾನ ಒಂದು ಲಕ್ಷ ಜನರನ್ನು ಕೊಲ್ಲುವ ತನಕ ಕತ್ತಿ ಒರೆಗೆ ಹಾಕುವುದಿಲ್ಲ ಎಂದು ಆಣೆ ಮಾಡಿದ. ಆಮೇಲೆ ದಾರಿಯ ಹಳ್ಳಿಗಳಲ್ಲಿ ನಡೆದದ್ದನ್ನು ಬಿಡಿಸಿ ಹೇಳುವುದಿಲ್ಲ. ಅಲ್ಲಿ ಸತ್ತವರಲ್ಲಿ ಯಾರೂ ಆ ಚೀಟಿಯನ್ನು ಕಣ್ಣಿಂದ ನೋಡಿದವರಲ್ಲ.

ಕೊನೆಗೆ ವಿಜಯನಗರದ ದೂತರು ಸುಲ್ತಾನನ ಡೇರೆಗೆ ಬಂದರು. ಅವರು ಹೇಳಿದ್ದರ ಸಾರ ಇದು. ತಪ್ಪು ರಾಜನದಿದ್ದರೆ ಇರಬಹುದು. ಬಡವರು, ಕೈಯಲ್ಲಿ ಏನೂ ಇಲ್ಲದವರು ಏನು ಮಾಡಿದ್ದಾರೆ? ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಕೊಲ್ಲು ಎಂದು ಯಾವ ಧರ್ಮವೂ ಹೇಳುವುದಿಲ್ಲ. ನಾವು ನೀವು ನೆರೆಹೊರೆ, ಇನ್ನೂ ಬಹಳ ಕಾಲ ಜೊತೆಗೇ ಇರಬೇಕಾದವರು. ಇನ್ನು ಮುಂದೆ ನಿರಾಯುಧರನ್ನು ಕೊಲ್ಲುವುದಿಲ್ಲ ಎಂದು ಇಬ್ಬರೂ ಮಾತು ಕೊಡೋಣ. ಸುಲ್ತಾನನ ಮನಸ್ಸು ಕರಗಿತು. ಗೆದ್ದ ಮೇಲೆ ಒಬ್ಬನನ್ನೂ ಕೊಲ್ಲುವುದಿಲ್ಲ, ನನ್ನ ನಂತರದವರೂ ಇದಕ್ಕೆ ಬದ್ಧರು ಎಂದು ಆಣೆಯಿಟ್ಟ.

ಯುದ್ಧದ ನಿಯಮವೆಂದರೆ ಜಿನೀವಾ ಒಪ್ಪಂದ ಎಂದು ನಮ್ಮ ಶಾಲೆಗಳಲ್ಲಿ ಪಾಠ ಮಾಡುತ್ತೇವೆ, ನಾನೂ ಮಾಡಿದೆ. ಕೋಟೆಯ ಗೋಡೆಗೆ ಒರಗಿ ನಿಂತ ಹುಡುಗನಿಗೆ ಸುಲ್ತಾನನ ಈ ಒಪ್ಪಂದವನ್ನು ಯಾರೂ ಹೇಳುವುದಿಲ್ಲ. ಅದೇ ಕೋಟೆಯ ದೊಡ್ಡ ತೋಪು ಮಾತ್ರ ಎಲ್ಲರಿಗೂ ಗೊತ್ತು. ಐದು ಮಂದಿ ಒಬ್ಬರ ಕಾಲಿಗೆ ಒಬ್ಬರ ತಲೆ ಹಚ್ಚಿ ಮಲಗಿದರೆ ಎಷ್ಟೋ ಅಷ್ಟು ಉದ್ದ. ಮಕ್ಕಳು ಅದರ ಮೇಲೆ ಕುದುರೆ ಹತ್ತಿದ ಹಾಗೆ ಕೂಡುತ್ತಾರೆ.

ಸುಲ್ತಾನ ಕೊಟ್ಟ ಆ ಮಾತು ಉಳಿಯಿತೇ? ಐವತ್ತು ವರ್ಷ ಚಿಲ್ಲರೆ. ಅಹ್ಮದ್ ಶಾಹ ಎಂಬ ಸುಲ್ತಾನ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದವನು, ವಿಜಯನಗರದ ಸೀಮೆಯಲ್ಲಿ ಮತ್ತೆ ಹೆಂಗಸರು ಮಕ್ಕಳನ್ನು ಕೊಲ್ಲಿಸಿದ. ಸತ್ತವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗೆಲ್ಲ ನಿಂತು ಹಬ್ಬ ಮಾಡಿದನಂತೆ. ಇದನ್ನೂ ಫಿರಿಶ್ತಾನೇ ಬರೆದ. ಬರೆಯುವಾಗ, ಹಳೆಯ ಒಪ್ಪಂದ ಮೀರಿ ಹೀಗೆ ಮಾಡಿದ ಎಂದು ಸೇರಿಸಿದ. ಸುಲ್ತಾನರ ಪಕ್ಷಪಾತಿಯೇ ಸುಲ್ತಾನ ಮಾತು ಮುರಿದ ಎಂದು ಬರೆಯಬೇಕಾಯಿತು. ಮಾತೇ ಕೊಟ್ಟಿರದಿದ್ದರೆ ಅವನು ಆ ಸಾಲು ಬರೆಯುತ್ತಿರಲಿಲ್ಲ. ನಮ್ಮ ಕಾಲದಲ್ಲೂ ಮುರಿದಿದೆ. 1948ರ ಗೋರ್ಟಾ ಊರಿನ ಕೊಲೆಗಳನ್ನು, ನಿಜಾಮರ ಪರ ನಿಂತ ರಜಾಕಾರರ ದಿನಗಳನ್ನು, ಅವು ಮುಗಿದ ಮೇಲೆ ನಡೆದ ಸೇಡನ್ನು ಈ ಭಾಗದ ಹಿರಿಯರು ಮರೆತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹುಡುಗನದು ಲೆಕ್ಕ. ಹುಡುಗಿಯದು ಪ್ರಶ್ನೆ. ಆ ಪ್ರಶ್ನೆಗೆ ಈ ನೆಲದಲ್ಲೇ ಒಮ್ಮೆ ಉತ್ತರ ಸಿಕ್ಕಿತ್ತು, ಆಮೇಲೆ ಮುರಿಯಿತು. ಈಗ ನನ್ನ ಮುಖ್ಯ ಮಾತು.

ಮುಹಮ್ಮದ್ ಶಾಹ ಆ ಆಣೆಯನ್ನು ಇಡಲು ಸಾಧ್ಯವಾದದ್ದು ಯಾಕೆ? ಅವನ ಸೈನಿಕನ ಕೈಯಲ್ಲಿ ಕತ್ತಿ ಇತ್ತು. ಕತ್ತಿ ಒಬ್ಬರ ಹತ್ತಿರ ಹೋಗಬೇಕು. ಎದುರಿಗಿರುವುದು ಸಿಪಾಯಿಯೋ, ಹೊಲದಿಂದ ಬಂದ ಮುದುಕಿಯೋ ಎಂದು ಹಿಡಿದವನಿಗೆ ಕಾಣುತ್ತದೆ. ಕೊಲ್ಲಬೇಡ ಎಂದು ಹುಕುಂ ಬಂದರೆ ಕೈ ನಿಲ್ಲುತ್ತದೆ. ಅಣುಬಾಂಬ್ ಹಿಡಿದವನು ಎಷ್ಟೇ ಒಳ್ಳೆಯವನಿರಲಿ, ಅವನು ಆ ಆಣೆ ಇಡಲಾರ. ಸಿಪಾಯಿಯನ್ನು ಕೊಂದು ಮಗುವನ್ನು ಬಿಡು ಎಂದು ಬಾಂಬಿಗೆ ಹೇಳುವ ದಾರಿಯೇ ಇಲ್ಲ. ಚಾಕುವಿನಿಂದ ಹಣ್ಣೂ ಹೆಚ್ಚಬಹುದು, ಕೊರಳೂ ಕೊಯ್ಯಬಹುದು, ತಪ್ಪು ಆಯುಧದ್ದಲ್ಲ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಚಾಕುವಿಗೆ ಅದು ಒಪ್ಪುತ್ತದೆ. ಈ ಆಯುಧಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಬಾಂಬ್ ಇಲ್ಲದೆಯೂ ಊರು ಸುಟ್ಟರಲ್ಲ ಎಂದು ನೀವು ಕೇಳಬಹುದು. ಸುಟ್ಟರು. 1945ರ ಮಾರ್ಚಿನಲ್ಲಿ ಒಂದೇ ರಾತ್ರಿ ಟೋಕಿಯೋದಲ್ಲಿ ಲಕ್ಷದಷ್ಟು ಜನ ಬೆಂಕಿ ಬಾಂಬಿಗೆ ಸತ್ತರು. ಅದಕ್ಕೆ ಮುನ್ನೂರರ ಹತ್ತಿರ ವಿಮಾನ ಬೇಕಾದವು. ಹಿರೋಶಿಮಾಕ್ಕೆ ಒಂದು ವಿಮಾನ, ಒಂದು ಬಾಂಬ್. ಟೋಕಿಯೋ ತಪ್ಪು ಎಂದು ಒಪ್ಪದವನು ಹಿರೋಶಿಮಾವೂ ತಪ್ಪೆಂದು ಒಪ್ಪಲಾರ ಎಂಬುದು ನಿಜ.

ಆದರೂ ನಿರಾಯುಧರನ್ನು ಕೊಲ್ಲಬಾರದೆಂಬ ಆ ಹಳೆಯ ಮಾತು ಬಾಂಬ್ ಹಾಕಿದವರಿಗೂ ಬೇಕಾಗಿತ್ತು, ಗೊತ್ತೇ? ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ರೇಡಿಯೋದಲ್ಲಿ ಮಾತಾಡಿದ. ಹಿರೋಶಿಮಾ ಒಂದು ಸೈನಿಕ ನೆಲೆ, ನಾಗರಿಕರ ಸಾವನ್ನು ಆದಷ್ಟು ತಪ್ಪಿಸಲೆಂದೇ ಅದನ್ನು ಆರಿಸಿದೆವು ಎಂದ. ಸೈನ್ಯ ಅಲ್ಲಿತ್ತು, ಸರಿ. ಆದರೆ ಬಾಂಬಿಗೆ ಗುರಿಯಿಟ್ಟದ್ದು ಊರ ನಡುವಿನ ಸೇತುವೆಗೆ. ಆರು ದಿನ ಬಿಟ್ಟು ಜಪಾನಿನ ಚಕ್ರವರ್ತಿಯೂ ರೇಡಿಯೋದಲ್ಲಿ ಮಾತಾಡಿದ. ಪ್ರಜೆಗಳು ಅವನ ದನಿ ಕೇಳಿದ್ದು ಅದೇ ಮೊದಲು. ಶತ್ರುಗಳು ಕ್ರೂರವಾದ ಹೊಸ ಬಾಂಬ್ ಹಾಕಿ ನಿರಪರಾಧಿಗಳನ್ನು ಕೊಲ್ಲುತ್ತಿದ್ದಾರೆ ಎಂದ. ಚೀನಾದ ನಾನ್‌ಕಿಂಗಿನಲ್ಲಿ ತನ್ನ ಸೈನ್ಯ ಕೊಂದ ನಿರಪರಾಧಿಗಳನ್ನು ಅವನು ನೆನೆಯಲಿಲ್ಲ. ರೇಡಿಯೋದಲ್ಲಿ ಕುಳಿತು ಇದನ್ನು ಹೇಳಲು ನನಗೆ ಸ್ವಲ್ಪ ಮುಜುಗರ. ಮೈಕಿನ ಮುಂದೆ ಇಬ್ಬರಿಗೂ ನಿರಾಯುಧರು ನೆನಪಾದರು.

ಈ ಮಾತನ್ನು ಗಾಂಧೀಜಿ 1946ರ ಜುಲೈನಲ್ಲಿ ಹರಿಜನ ಪತ್ರಿಕೆಯಲ್ಲಿ ಬೇರೆ ರೀತಿ ಹೇಳಿದರು. ಯುದ್ಧಕ್ಕೂ ನಿಯಮವೆಂಬುದು ಇತ್ತು, ಅದರಿಂದ ಯುದ್ಧ ಹೇಗೋ ಸಹ್ಯವಾಗಿತ್ತು, ಬಾಂಬ್ ಆ ಮುಸುಕನ್ನು ತೆಗೆದುಹಾಕಿತು ಎಂಬ ಅರ್ಥದಲ್ಲಿ ಬರೆದರು. ಟೋಕಿಯೋದ ಯುದ್ಧಾಪರಾಧ ವಿಚಾರಣೆಯಲ್ಲಿ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಒಬ್ಬರೇ ಎಲ್ಲ ಆರೋಪಿಗಳನ್ನೂ ಬಿಡಬೇಕೆಂದರು. ಆ ತೀರ್ಪಿನ ಎಲ್ಲ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಗೆದ್ದವರ ಎದುರೇ ಕುಳಿತು ಅಣುಬಾಂಬಿನ ನಿರ್ಧಾರವನ್ನು ಹೆಸರಿಟ್ಟು ಎತ್ತಿದ ಧೈರ್ಯ ಅವರದು.

1996ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೂ ತನ್ನ ಅಭಿಪ್ರಾಯ ಕೊಟ್ಟಿತು. ಅಣ್ವಸ್ತ್ರ ಬಳಕೆ ಸಾಮಾನ್ಯವಾಗಿ ಯುದ್ಧದ ನಿಯಮಕ್ಕೆ ವಿರುದ್ಧ ಎಂದಿತು. ಒಂದು ದೇಶದ ಅಸ್ತಿತ್ವವೇ ಹೋಗುವ ಹೊತ್ತಿನಲ್ಲಿ ಏನು ಎಂಬುದನ್ನು ಮಾತ್ರ ಖಚಿತವಾಗಿ ಹೇಳಲಾರೆವು ಎಂದಿತು. ಬಾಗಿಲು ಹಾಕಿದ ಹಾಗೆ ಮಾಡಿ ಕಿಟಕಿ ತೆರೆದಿಟ್ಟಿತು.

ಬೇರೆಯವರ ಬಾಂಬಿನ ಮಾತು ಇಲ್ಲಿಗೆ ಸಾಕು. ಇನ್ನು ನಮ್ಮದು.

1974ರ ಮೇ 18ರಂದು ಪೋಖ್ರಾನಿನಲ್ಲಿ ನಡೆದ ಪರೀಕ್ಷೆಯ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಪಿಯಾನೋ ನುಡಿಸುತ್ತಿದ್ದ ಕನ್ನಡಿಗ. ಆ ಪರೀಕ್ಷೆಗೆ ನಗುವ ಬುದ್ಧ ಎಂಬ ಹೆಸರು ಅಂಟಿತು. 1998ರ ಮೇ 11ರ ಪರೀಕ್ಷೆ ನಡೆದದ್ದು ಬುದ್ಧ ಪೂರ್ಣಿಮೆಯ ದಿನವೇ. ಕಲಬುರಗಿಯ ಬುದ್ಧ ವಿಹಾರಕ್ಕೆ ಹೋದಾಗ ಅದು ನನಗೆ ನೆನಪಾಗದೆ ಇರುವುದಿಲ್ಲ. ನಾವು ಮೊದಲು ಹಾಕುವುದಿಲ್ಲ ಎಂಬುದು ಭಾರತದ ನೀತಿ, 2003ರಲ್ಲಿ ಸರ್ಕಾರ ಅದನ್ನು ಬರೆದು ಹೇಳಿತು. ಇದು ಸಣ್ಣ ಮಾತಲ್ಲ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಅದೇ ಹಾಳೆಯ ಮುಂದಿನ ಮಾತು: ನಮ್ಮ ಮೇಲೆ ಹಾಕಿದರೆ ಭಾರಿ ಪ್ರಮಾಣದಲ್ಲಿ ತಿರುಗಿ ಹಾಕುತ್ತೇವೆ. ಆಗಲೂ ಮುಂಜಾನೆ ಎಂಟೂಕಾಲಿಗೆ ಯಾವುದೋ ಊರಿನಲ್ಲಿ ಮಕ್ಕಳು ಬಯಲಲ್ಲಿ ಇರುತ್ತಾರೆ.

ಅದಕ್ಕೇ ಬಾಂಬ್ ಬಳಸಲಿಕ್ಕಲ್ಲ, ಅಂಜಿಸಲಿಕ್ಕೆ ಎನ್ನುತ್ತಾರೆ. ಅಂಜಿಕೆ ಎಂದಾಗ ನನಗೆ ಸನ್ನತಿ ನೆನಪಾಗುತ್ತದೆ. ಚಿತ್ತಾಪುರ ತಾಲ್ಲೂಕು, ಭೀಮಾ ನದಿಯ ದಂಡೆ, ಚಂದ್ರಲಾಂಬೆಯ ಗುಡಿ. ಅಲ್ಲಿನ ಕಾಳಿಯ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿಯಿತು. ಕಲ್ಲು ಸರಿಸಿ ನೋಡಿದರೆ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ! ಎರಡೂ ಮಗ್ಗುಲಿಗೆ ಬ್ರಾಹ್ಮಿ ಅಕ್ಷರ. ನಡುವೆ ಮೂರ್ತಿ ನಿಲ್ಲಿಸಲು ಕೊರೆದ ಚೌಕ ತೂತು. ಆ ತೂತಿನಲ್ಲಿದ್ದ ಅಕ್ಷರ ಹೋಗಿವೆ.

ಅಶೋಕ ಕಳಿಂಗದಲ್ಲಿ ಒಂದು ಲಕ್ಷ ಜನರನ್ನು ಕೊಂದು ಪಶ್ಚಾತ್ತಾಪ ಪಟ್ಟದ್ದು ನಿಮಗೆ ಗೊತ್ತು. ಆ ಪಶ್ಚಾತ್ತಾಪದ ಶಾಸನ ಸನ್ನತಿಯ ಕಲ್ಲಿನಲ್ಲಿಲ್ಲ. ಕಳಿಂಗದ ನೆಲಕ್ಕೆಂದು ಬರೆಸಿದ ಎರಡು ಬೇರೆ ಶಾಸನ ಇಲ್ಲಿವೆ. ಎಲ್ಲ ಜನರೂ ತನ್ನ ಮಕ್ಕಳಿದ್ದ ಹಾಗೆ ಎನ್ನುತ್ತಾನೆ. ಇನ್ನೊಂದು ಮಾತು ಹೇಳುತ್ತಾನೆ, ನಾನು ಅದನ್ನು ಓದಿ ಸುಮ್ಮನೆ ಕುಳಿತಿದ್ದೆ. ಗಡಿಯಾಚೆ ಇರುವ, ತಾನು ಗೆಲ್ಲದ ಜನ ತನ್ನನ್ನು ಕಂಡು ಅಂಜಬಾರದು, ಅದನ್ನು ಅವರಿಗೆ ತಿಳಿಸಿ ಎಂದು ಅಧಿಕಾರಿಗಳಿಗೆ ಹೇಳುತ್ತಾನೆ. ಇವನು ಕಳಿಂಗವನ್ನು ತಿರುಗಿ ಕೊಡಲಿಲ್ಲ, ಸೈನ್ಯವನ್ನೂ ಬಿಡಲಿಲ್ಲ, ಅದು ಬೇರೆ. ಆದರೆ ನೆರೆಯವನು ಅಂಜದಿರಲಿ ಎಂದು ಕಲ್ಲಿನ ಮೇಲೆ ಬರೆಸಿದ. ನೆರೆಯವನು ಸದಾ ಅಂಜಿಕೊಂಡೇ ಇರಲಿ ಎಂಬುದರ ಮೇಲೆ ನಮ್ಮ ಕಾಲದ ಶಾಂತಿ ನಿಂತಿದೆ. ಅದೇ ಭೀಮೆಯ ಆಚೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಹಿರೋಶಿಮಾದ ಬಾಂಬಿನಲ್ಲಿದ್ದ ಯುರೇನಿಯಂನದೇ ಅದಿರು ಸಿಕ್ಕಿದೆ. ಗಣಿ ಬೇಡವೆಂದು ಊರಿನವರು ತಕರಾರು ಎತ್ತಿದ್ದಾರೆ. ಅವರ ಚಿಂತೆ ಬಾಂಬಿನದಲ್ಲ, ಬಾವಿಯ ನೀರಿನದು.

ನನ್ನ ಸಮಯ ಮುಗಿಯುತ್ತ ಬಂತು. ಹುಡುಗಿಯ ಸುದ್ದಿ ಹೇಳಿ ನಿಲ್ಲಿಸುತ್ತೇನೆ.

ಹೋದ ತಿಂಗಳು ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಳು. ಈಗ ಎರಡು ಮಕ್ಕಳ ತಾಯಿ. ಮನೆಯಲ್ಲಿ ಒಂದೆಕರೆ ಕೆಂಪು ಬಾಳೆ. ನಾನು ತಡೆದು ನಿಲ್ಲಿಸಿ, "ಅವತ್ತು ಬಹುಮಾನ ನಿನಗ ಬರಬೇಕಿತ್ತವ್ವ" ಅಂದೆ. "ಯಾವ ಬಹುಮಾನ್ರಿ ಸರ್?" ಅಂದಳು. ನೆನಪೇ ಇಲ್ಲ! ನಿಂತಲ್ಲೇ ಎಲ್ಲ ಹೇಳಿದೆ. ಸುಲ್ತಾನ, ಚೀಟಿ, ಕತ್ತೆ, ಮುದಗಲ್, ಆಣೆ. ಹೆಗಲ ಮೇಲಿನ ಸಣ್ಣ ಮಗು ಅವಳ ಕಿವಿಯ ಓಲೆ ಎಳೆಯುತ್ತಿತ್ತು. ಪೂರ್ತಿ ಕೇಳಿದಳು. ಬಸ್ ಬಂತು. ಹತ್ತುತ್ತ ತಿರುಗಿ ಕೇಳಿದಳು.

"ಅಷ್ಟು ಮಂದಿ ಸತ್ರಲ್ರಿ. ಕೊನಿಗಿ ಆ ಹಾಡವ್ರಿಗಿ ರೊಕ್ಕ ಸಿಕ್ತೇನ್ರಿ?"

ಸಿಕ್ಕಿತವ್ವ, ದೂತರು ಅಲ್ಲೇ ಎಣಿಸಿ ಕೊಟ್ಟರಂತ, ಅಂದೆ.